ಇಪ್ಪತ್ತನಾಲ್ಕು ಗಂಟೆ ಬದುಕುವ ಸಾಕ್ಷಿ

"ಮುಟ್ಟಬೇಡ! ಮೌಸಿನಿಂದ ಕೈ ತೆಗಿ!"

ಸೂಜಿಯಮ್ಮ ಕೂಗಿದ ರಭಸಕ್ಕೆ ಅಂಗಡಿ ಯಜಮಾನರ ಸೊಸೆ ಬೆಂಕಿ ತಾಕಿದವಳ ಹಾಗೆ ಕೈ ಹಿಂದಕ್ಕೆಳೆದುಕೊಂಡಳು. ಗಡಿಯಾರದ ಅಂಗಡಿಯ ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರಿನಲ್ಲಿ ಅಂಗಡಿಯ ವೆಬ್‌ಸೈಟು ತೆರೆದಿತ್ತು. ಮೇಲುಗಡೆ 'ಇವತ್ತು ಅಂಗಡಿಯಲ್ಲಿ' ಎಂಬ ಸಾಲು. ಅದರ ಕೆಳಗೆ ಬಣ್ಣದ ಬಳೆ ತೊಟ್ಟ ಒಂದು ದುಂಡು ಚಿತ್ರ, ಒಂದೇ ಒಂದು: ಒಂದು ದಿನವಷ್ಟೇ ಬಾಳುವ ಪುಟ್ಟ ವಿಡಿಯೋ, ಸ್ಟೋರಿ.

"ಈ ಸ್ಟೋರಿ ಅಂಗಡಿ ಫೋನಲ್ಲಿ ಇಲ್ಲ ಅಂದ್ಯಲ್ಲ?"

"ಇಲ್ಲ ಅಮ್ಮಾ. ನಿನ್ನೆ ಬೆಳಗ್ಗೆ ಒಂಬತ್ತೂವರೆಗೆ ಅಂಗಡಿ ತೆಗೆದ ತಕ್ಷಣ ಹಾಕಿದ್ದೆ. ಮಧ್ಯಾಹ್ನ ನೋಡಿದ್ರೆ ಮಾಯ. ಹಳೇ ಸ್ಟೋರಿಗಳು ಉಳಿಯೋ ಜಾಗದಲ್ಲೂ ಇಲ್ಲ. ಯಾರೋ ಬೇಕಂತಲೇ ಅಳಿಸಿದಾರೆ."

"ಮತ್ತೆ ಇಲ್ಲಿ ಹೇಗೆ ಕೂತಿದೆ?"

"ನಾವು ಸ್ಟೋರಿ ಹಾಕಿದ ತಕ್ಷಣ ವೆಬ್‌ಸೈಟು ತನಗೊಂದು ನಕಲು ಇಟ್ಕೊಳ್ಳುತ್ತೆ. ಅಲ್ಲಿ ಅಳಿಸಿದ್ರೂ ಇಲ್ಲಿ ಇರುತ್ತೆ. ಇಪ್ಪತ್ತನಾಲ್ಕು ಗಂಟೆ ಆದ್ಮೇಲೆ ತಾನಾಗಿ ಹೋಗುತ್ತೆ. ನಾನೇ ಹಾಗೆ ಮಾಡಿಟ್ಟಿದ್ದೆ." ಇಷ್ಟು ಹೇಳುವಾಗ ಅವಳ ಕುತ್ತಿಗೆ ಒಂದಿಷ್ಟು ನೆಟ್ಟಗಾಯಿತು. ನಿನ್ನೆಯಿಂದ ಬಗ್ಗಿಯೇ ಇದ್ದ ಕುತ್ತಿಗೆ ಅದು.

ಸೂಜಿಯಮ್ಮ ಗೋಡೆಯ ಕಡೆ ನೋಡಿದಳು. ಒಂಬತ್ತು ಗಂಟೆ ಎಂಟು ನಿಮಿಷ.

"ಅಂದ್ರೆ ಇಪ್ಪತ್ತೆರಡು ನಿಮಿಷದಲ್ಲಿ ಇದೂ ಹೋಗುತ್ತೆ. ಏನು ನೋಡ್ತಿದೀಯ? ನಿನ್ನ ಫೋನು ತೆಗಿ, ಪರದೆ ಮುಂದೆ ಹಿಡಿದು ಪೂರ್ತಿ ರೆಕಾರ್ಡು ಮಾಡ್ಕೋ. ಎರಡು ಸಲ ಮಾಡ್ಕೋ!"

ವಿಮಾ ಕಚೇರಿಯಲ್ಲಿ ಇಪ್ಪತ್ತು ವರ್ಷ ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಸುಳ್ಳು ಆರಿಸಿದವಳು ಸೂಜಿಯಮ್ಮ. ಆ ಹೆಸರು ಇಟ್ಟವರು ಅಲ್ಲಿಯ ಸಹೋದ್ಯೋಗಿಗಳು, ಮಾತು ಚುಚ್ಚುತ್ತದೆ ಅಂತ. ಹರಿದದ್ದನ್ನು ಹೊಲಿಯುವುದೂ ಸೂಜಿಯೇ ಅಲ್ಲವೇನ್ರೋ ಎಂದು ಅವಳು ಆ ಹೆಸರನ್ನೇ ಪದಕದ ಹಾಗೆ ಧರಿಸಿಕೊಂಡಿದ್ದಳು. ನಿವೃತ್ತಿಯಾದ ಮೇಲೆ ಇಂಥ ಕೆಲಸಗಳೇ ಅವಳನ್ನು ಹುಡುಕಿಕೊಂಡು ಬರುತ್ತಿದ್ದವು.

ಈ ಸಲ ಬಂದದ್ದು ಜೇಬು ಗಡಿಯಾರ. ಸಂಗ್ರಹಾಲಯದವರು ಶುಚಿ ಮಾಡಲು ಕೊಟ್ಟಿದ್ದ, ಮುಚ್ಚಳದ ಮೇಲೆ ದೀಪಸ್ತಂಭ ಕೆತ್ತಿದ್ದ, ಅರವತ್ತು ವರ್ಷದಿಂದ ನಿಂತೇ ಇದ್ದ ಗಡಿಯಾರ ಮುಚ್ಚಿದ ಪೆಟ್ಟಿಗೆಯೊಳಗಿಂದ ಮಾಯವಾಗಿದ್ದು ನಿನ್ನೆ ಗೊತ್ತಾಗಿತ್ತು. ಅಂಗಡಿಯ ಬೀಗ ಒಡೆದಿರಲಿಲ್ಲ. ಕೀಲಿ ಇದ್ದದ್ದು ಸೊಸೆಯ ಹತ್ತಿರ. ಹತ್ತು ಗಂಟೆಗೆ ಸಂಗ್ರಹಾಲಯದ ಅಧಿಕಾರಿ ಬಂದು ಅವಳ ಹೆಸರು ಬರೆದ ದೂರನ್ನು ಪೊಲೀಸರಿಗೆ ಒಯ್ಯುವವನಿದ್ದ.

ಯಜಮಾನರು, ಅಂದರೆ ಅವಳ ಮಾವ, ಕಿಟಕಿಯ ಪಕ್ಕದ ಮೇಜಿನಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿದ್ದರು. ಸೊಸೆಯ ಜೊತೆ ಮಾತು ಬಿಟ್ಟು ಒಂದು ದಿನವಾಗಿತ್ತು. ಬಿಡುವ ಮುಂಚೆ ಆಡಿದ್ದು ಒಂದೇ ಮಾತು: "ನಿನ್ನ ಸ್ಟೋರಿನೇ ಕಳ್ಳನಿಗೆ ದಾರಿ ತೋರಿಸಿದ್ದು."

ಈ ಸ್ಟೋರಿಗಳೆಂದರೆ ಅವರಿಗೆ ಮೊದಲಿಂದಲೂ ಅಲರ್ಜಿ. "ನೂರು ವರ್ಷ ನಡೆಯೋ ಹಾಗೆ ಗಡಿಯಾರ ಮಾಡಿಕೊಡೋ ಮನೆ ಇದು. ನಾಳೆ ಸಾಯೋದನ್ನ ಇವತ್ತು ಯಾಕಮ್ಮ ಹುಟ್ಟಿಸ್ತೀಯ?" ಎನ್ನುತ್ತಿದ್ದರು. ಅವಳು ನಕ್ಕು ಸುಮ್ಮನಾಗುತ್ತಿದ್ದಳು. ದಿನಾ ಬೆಳಗ್ಗೆ ಬಾಗಿಲು ತೆಗೆದಾಗ ಹದಿನೈದು ಸೆಕೆಂಡು, ಸಂಜೆ ಮುಚ್ಚುವಾಗ ಹದಿನೈದು ಸೆಕೆಂಡು. ನಿನ್ನೆ ಸಂಜೆ ಮಾತ್ರ ಏನನ್ನೂ ಹಾಕಿರಲಿಲ್ಲ. ಊರಾಚೆ ಕೆಲಸಕ್ಕೆ ಹೋದಾಗ ಅವಳ ಗಂಡ ಹಾಕುವ ಸ್ಟೋರಿಗಳೂ ಅದೇ ಸಾಲಿಗೆ ಬಂದು ಕೂರುತ್ತಿದ್ದವು. ವೆಬ್‌ಸೈಟಿನ ಮುಂಬಾಗಿಲಲ್ಲೇ ಅಂಗಡಿ ಉಸಿರಾಡುವುದು ಕಾಣುತ್ತಿತ್ತು. ಅದನ್ನು ನೋಡಿ ಗಿರಾಕಿಗಳು ಹೆಚ್ಚಾದದ್ದು ಯಜಮಾನರಿಗೂ ಗೊತ್ತು; ಒಪ್ಪಿಕೊಳ್ಳಲು ಬಾಯಿ ಬರುತ್ತಿರಲಿಲ್ಲ ಅಷ್ಟೇ.

ಆದರೆ ಒಂದು ವಿಷಯ ಹೇಳಬೇಕು. ಮೊದಲ ದಿನ ಅವಳು ಕೈಗಡಿಯಾರವೊಂದನ್ನು ಹಿಡಿದು ಚಿತ್ರ ತೆಗೆಯಲು ಹೋದಾಗ ಅವಳ ಕೈ ತಿದ್ದಿದವರು ಇದೇ ಮಾವ. "ಅಂಗೈಯಲ್ಲಿ ಕೂರಿಸು. ಅಂಚು ಹಿಡಿ. ಗಾಜಿನ ಮೇಲೆ ಹೆಬ್ಬೆರಳು ಇಡಬೇಡ. ಈ ಮನೆಯಲ್ಲಿ ಕಲಿತ ಯಾರೂ ನಿದ್ದೆಯಲ್ಲೂ ಇಡಲ್ಲ." ಅವಳೂ ಆಮೇಲೆ ಒಮ್ಮೆಯೂ ಇಟ್ಟಿರಲಿಲ್ಲ.

ಸೂಜಿಯಮ್ಮ ಸ್ಟೋರಿಯನ್ನು ಮೂರು ಸಲ ನೋಡಿದಳು. ಬಾಗಿಲು, ಮೇಜು, ಮುಚ್ಚಿದ ಪೆಟ್ಟಿಗೆ, ಗಡಿಯಾರ ತುಂಬಿದ ಗೋಡೆ. ಮುಗಿಯಿತು. ಇದರಲ್ಲಿ ಅಳಿಸುವಂಥದ್ದು ಏನಿದೆ?

"ಯಜಮಾನ್ರೇ, ಸ್ವಲ್ಪ ಎದ್ದು ಬನ್ನಿ. ಈ ಗೋಡೆ ನಂಗೆ ಓದೋಕೆ ಬರಲ್ಲ. ನೀವು ಓದಿ ಹೇಳಿ."

"ಆ ಕಂಪ್ಯೂಟರ್ ಪೆಟ್ಟಿಗೇಲಿ ಬರೋದನ್ನ ನಾನು ನೋಡಲ್ಲ."

"ಬೇಡ ಬಿಡಿ. ನಿಮಗೂ ಗೊತ್ತಾಗಲಿಕ್ಕಿಲ್ಲ."

ಅಷ್ಟು ಸಾಕಾಯಿತು. ಯಜಮಾನರು ಧಡಕ್ಕನೆ ಎದ್ದು ಬಂದರು. ಗೊತ್ತಿಲ್ಲ ಅಂತ ಅವರಿಗೆ ಈ ಓಣಿಯಲ್ಲಿ ಯಾರೂ ಅಂದಿರಲಿಲ್ಲ.

"ಇದು ಅರಸ," ಎಂದು ಗೋಡೆಯ ನಡುವಿನ ಎತ್ತರದ ಗಡಿಯಾರ ತೋರಿಸಿದರು. "ನಮ್ಮಪ್ಪ ಮಾಡಿದ್ದು. ಮಿಕ್ಕವೆಲ್ಲ ಇದನ್ನ ನೋಡಿ ನಡೀಬೇಕು. ಪಕ್ಕದಲ್ಲಿ ಕೆಂಪು ದಾರ ಕಟ್ಟಿರೋದು ಮೊಂಡ. ರಿಪೇರಿ ಆಗಿ ಪರೀಕ್ಷೆಗೆ ಕೂತಿದೆ. ದಿನಕ್ಕೆ ಎರಡು ನಿಮಿಷ ಹಿಂದೆ ಬೀಳುತ್ತೆ."

"ಹಿಂದೆ ಬಿದ್ದದ್ದನ್ನ ಸರಿ ಮಾಡಲ್ವಾ?"

"ಪರೀಕ್ಷೆಗೆ ಕೂತಿದ್ದನ್ನ ಮುಟ್ಟಬಾರದು! ಏಳು ದಿನ ಎಷ್ಟು ತಪ್ಪುತ್ತೋ ತಪ್ಪಲಿ ಅಂತ ಬಿಡಬೇಕು. ಸಂಜೆ ಸಂಜೆ ಚೀಟಿಯಲ್ಲಿ ಬರೀಬೇಕು. ಎಂಟನೇ ದಿನ ಒಂದೇ ಸಲ ತಿದ್ದಬೇಕು. ಅದಕ್ಕೇ ಕೆಂಪು ದಾರ. ಇದು ಈ ಮನೆಯ ಕಾನೂನು."

ಮೊಂಡನ ಕೆಳಗೆ ಚೀಟಿ ಅಂಟಿತ್ತು. ಮಂಗಳವಾರ ಸಂಜೆ, ಹತ್ತು ನಿಮಿಷ ಹಿಂದೆ. ಬುಧವಾರ ಸಂಜೆ, ಅಂದರೆ ನಿನ್ನೆ, ಹನ್ನೆರಡು ನಿಮಿಷ ಹಿಂದೆ.

ಸೂಜಿಯಮ್ಮ ಪರದೆಯ ಮೇಲಿನ ವಿಡಿಯೋವನ್ನು ಗೋಡೆ ಕಾಣುವ ಕಡೆ ತಡೆದು ನಿಲ್ಲಿಸಿದಳು. "ಇದು ಬುಧವಾರ ಬೆಳಗ್ಗೆ. ಅರಸ ಎಷ್ಟು ತೋರಿಸ್ತಿದಾನೆ?"

"ಒಂಬತ್ತೂವರೆ."

"ಮೊಂಡ?"

ಯಜಮಾನರು ಬಗ್ಗಿದರು. ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು.

"ಒಂಬತ್ತು ಇಪ್ಪತ್ತೊಂಬತ್ತು."

"ಹನ್ನೊಂದು ನಿಮಿಷ ಹಿಂದೆ ಇರಬೇಕಿತ್ತಲ್ವಾ?"

"ಯಾರು?" ಯಜಮಾನರ ಧ್ವನಿಗೆ ಗಾಜಿನ ಬಾಗಿಲು ಅದುರಿತು. "ಯಾವನು ಅವನು? ಪರೀಕ್ಷೆಗೆ ಕೂತ ಗಡಿಯಾರ ಮುಟ್ಟಿದವನು ಯಾವನು?"

ಜೇಬು ಗಡಿಯಾರ ಹೋದಾಗಲೂ ಅವರು ಇಷ್ಟು ಸಿಟ್ಟಾಗಿರಲಿಲ್ಲ. ಸೂಜಿಯಮ್ಮನಿಗೆ ನಗು ಬಂತು, ನುಂಗಿಕೊಂಡಳು.

"ಕೂತ್ಕೊಳ್ಳಿ. ಮಂಗಳವಾರ ಅಂಗಡಿ ಮುಚ್ಚಿದ ಮೇಲೆ ಯಾರೋ ಒಳಗೆ ಬಂದಿದಾರೆ. ಜೇಬು ಗಡಿಯಾರ ತಗೊಂಡಿದಾರೆ. ಹೋಗೋವಾಗ ಮೊಂಡ ಹತ್ತು ನಿಮಿಷ ಹಿಂದಿರೋದು ಕಂಡಿದೆ. ಕೈ ತಡೀಲಿಲ್ಲ, ಸರಿ ಮಾಡಿ ಹೋಗಿದಾರೆ. ಬೆಳಗಾಗೋದ್ರೊಳಗೆ ಅದು ಮತ್ತೆ ಒಂದು ನಿಮಿಷ ಹಿಂದೆ ಬಿದ್ದಿದೆ. ಕದಿಯೋಕೆ ಬಂದವನು ಗಡಿಯಾರ ಸರಿ ಮಾಡಿ ಹೋಗ್ತಾನಾ? ಕಸುಬಿನ ಹೆಮ್ಮೆ ಇದ್ದವನು ಮಾತ್ರ ಹಾಗೆ ಮಾಡ್ತಾನೆ."

"ಆದ್ರೆ ಸಂಜೆ ಮತ್ತೆ ಹನ್ನೆರಡು ನಿಮಿಷ ಹಿಂದಿತ್ತಲ್ಲ?" ಸೊಸೆ ಕೇಳಿದಳು.

"ಅದೇ ಕೇಳ್ತಿದೀನಿ ನಾನೂ. ಸ್ಟೋರಿ ಅಳಿಸಿದವರೇ ಅದನ್ನ ಹಿಂದಕ್ಕೂ ಇಟ್ಟಿದಾರೆ. ನಿನ್ನೆ ಮಧ್ಯಾಹ್ನ ಆ ಗೋಡೆ ಹತ್ತಿರ ಯಾರು ನಿಂತಿದ್ರು, ನೆನಪು ಮಾಡ್ಕೋ."

ಸೊಸೆ ನೆನಪು ಮಾಡಿಕೊಂಡಳು. ಮುಖದ ಬಣ್ಣ ಇಳಿಯಿತು. ಕಣ್ಣು ರಸ್ತೆಯಾಚೆಗೆ ಹೋಯಿತು.

ಎದುರಂಗಡಿಯವನನ್ನು ಎಲ್ಲರೂ ಚಿಮಟ ಅಂತಲೇ ಕರೆಯುವುದು. ಕೂದಲೆಳೆಯಂಥ ಸ್ಪ್ರಿಂಗನ್ನೂ ಚಿಮಟದಲ್ಲಿ ಎತ್ತಿ ಕೂರಿಸುವ ಕೈ. ಯಜಮಾನರ ಮೊದಲ ಶಿಷ್ಯ. ಹದಿನೆಂಟು ವರ್ಷ ಇಲ್ಲೇ ದುಡಿದು, ಗುರುಗಳ ಒಪ್ಪಿಗೆ ಪಡೆದೇ ಎದುರಿಗೆ ಅಂಗಡಿ ಹಾಕಿದವನು. ಸೂಜಿಯಮ್ಮ ಕರೆದಾಗ ಅವನು ಕೈ ಒರೆಸಿಕೊಳ್ಳುತ್ತಲೇ ಬಂದ.

"ನಿನ್ನೆ ಕೌಂಟರ್ ಮೇಲಿದ್ದ ಅಂಗಡಿ ಫೋನು ಮುಟ್ಟಿದ್ರಾ?"

"ಸಮಾಧಾನ ಹೇಳೋಕೆ ಬಂದಿದ್ದೆ ಅಮ್ಮಾ. ನಂಗ್ಯಾಕೆ ಫೋನು?"

"ಮೊಂಡನ್ನ ಮುಟ್ಟಿದ್ರಾ?"

"ಶಿವ ಶಿವಾ! ಕೆಂಪು ದಾರ ಇರೋ ಗಡಿಯಾರ ಮುಟ್ಟೋಕೆ ನಂಗೇನು ತಲೆ ಕೆಟ್ಟಿದೆಯಾ? ಗುರುಗಳ ಮನೆಗೆ ಕನ್ನ ಹಾಕೋಕಿಂತ ಈ ಕೈ ಕತ್ತರಿಸ್ಕೋತೀನಿ!"

"ಕನ್ನದ ಮಾತು ನಾನು ಎತ್ತಿದ್ನಾ? ಗಡಿಯಾರ ಹಿಂದಕ್ಕಿಟ್ಟದ್ದು ಕೇಳ್ತಿದೀನಿ."

"ಗಂಟೆ ಹೊಡೆಯೋ ಗಡಿಯಾರದ ಮುಳ್ಳನ್ನ ಯಾರೂ ಹಿಂದಕ್ಕೆ ತಿರುಗಿಸಲ್ಲ. ಒಳಗಿನ ಚಕ್ರ ಕೆಡುತ್ತೆ. ದಡ್ಡನೂ ಆ ಕೆಲಸ ಮಾಡಲ್ಲ."

"ದಡ್ಡ ಮಾಡಲ್ಲ, ಸರಿ. ಜಾಣ ಏನು ಮಾಡ್ತಾನೆ?"

ಉತ್ತರ ಯಜಮಾನರಿಂದ ಬಂತು, ಮೆಲ್ಲಗೆ. "ಲೋಲಕ ನಿಲ್ಲಿಸಿ ಕಾಯ್ತಾನೆ. ಹತ್ತು ನಿಮಿಷ ಹಿಂದೆ ಬೇಕಾದ್ರೆ ಹತ್ತು ನಿಮಿಷ."

"ಅಣ್ಣಾ," ಸೊಸೆ ಚಿಮಟನ ಕಡೆ ತಿರುಗಿದಳು. "ನಿನ್ನೆ ಕುರ್ಚಿ ಕೊಟ್ಟೆ, ನೀವು ಕೂರಲಿಲ್ಲ. ನೀರು ಕೊಟ್ಟೆ, ಒಂದು ಕೈಯಲ್ಲೇ ಇಸ್ಕೊಂಡ್ರಿ. ಇನ್ನೊಂದು ಕೈ ಬೆನ್ನ ಹಿಂದೆ ಇತ್ತು. ಗೋಡೆಗೆ ಬೆನ್ನು ಕೊಟ್ಟು ಅಷ್ಟು ಹೊತ್ತು ನಿಂತೇ ಇದ್ರಿ. ನನ್ನ ದುಃಖಕ್ಕೆ ನಿಂತಿದೀರಿ ಅಂದ್ಕೊಂಡೆ ನಾನು."

ಚಿಮಟನ ಭುಜ ಕುಸಿಯಿತು. ಚುರುಕು ಕೈಯವನು ಈಗ ಆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತ.

"ಲೆಕ್ಕ ಎಷ್ಟು ಚೊಕ್ಕವಾಗಿತ್ತು ಅಂದ್ರೆ ಗುರುಗಳಿಗೇ ಗೊತ್ತಾಗಲಿಲ್ಲ," ಎಂದಳು ಸೂಜಿಯಮ್ಮ. ಅದರಲ್ಲಿ ಮೆಚ್ಚುಗೆಯೂ ಇತ್ತು. "ಯಾರನ್ನ ಉಳಿಸೋಕೆ?"

"ಕೇಳಬೇಡಿ ಅಮ್ಮಾ."

"ಇನ್ನು ಹತ್ತು ನಿಮಿಷಕ್ಕೆ ಈ ಹೆಣ್ಣುಮಗಳ ಹೆಸರು ಪೊಲೀಸ್ ಸ್ಟೇಷನ್ನಿಗೆ ಹೋಗುತ್ತೆ. ನೀವು ಒಬ್ಬರನ್ನ ಉಳಿಸಿದ್ದಕ್ಕೆ ಅವಳು ಮುಳುಗ್ತಿದಾಳೆ. ಈಗಲೂ ಕೇಳಬಾರದಾ?"

ಚಿಮಟ ಸೊಸೆಯ ಮುಖ ನೋಡಿದ. ನೋಡಿದ ಮೇಲೆ ಸುಳ್ಳು ಹೇಳುವುದು ಅವನ ಕೈಲಾಗಲಿಲ್ಲ.

"ನಿನ್ನೆ ಬಂದಾಗ ಮೊಂಡ ಸರಿ ಇರೋದು ನೋಡಿದೆ. ಕೂಡಲೇ ಗೊತ್ತಾಯ್ತು. ತಪ್ಪು ತೋರಿಸೋ ಗಡಿಯಾರ ಕಂಡ್ರೆ ಸುಮ್ಮನಿರದ ಕೈ ಈ ಮನೇಲಿ ಒಂದೇ. ಅದಕ್ಕಾಗಿ ಚಿಕ್ಕಂದಿನಲ್ಲಿ ಗುರುಗಳ ಹತ್ತಿರ ಎಷ್ಟು ಏಟು ತಿಂದಿದಾನೆ! ಅವನಿಗೆ ಚಿಮಟ ಹಿಡಿಯೋಕೆ ಕಲಿಸಿದ್ದು ನಾನು. ಹೇಗೆ ಬಿಟ್ಟುಕೊಡ್ಲಿ? ಬೆಳಗಿನ ಸ್ಟೋರಿಯಲ್ಲಿ ಗೋಡೆ ಬಂದಿರುತ್ತೆ ಅಂತ ಅದನ್ನೂ ಅಳಿಸಿದೆ. ಸೈಟಲ್ಲಿ ಉಳಿಯುತ್ತೆ ಅಂತ ಯಾರಿಗೆ ಗೊತ್ತಿತ್ತು? ತಂಗೀ, ನಿನ್ನ ಮೇಲೆ ಬರುತ್ತೆ ಅಂತ ಆಗ ಹೊಳೀಲಿಲ್ಲ ಕಣಮ್ಮ."

ಹೆಸರು ಹೇಳುವ ಅಗತ್ಯವೇ ಇರಲಿಲ್ಲ. ಯಜಮಾನರ ಒಬ್ಬನೇ ಮಗ, ಸೊಸೆಯ ಗಂಡ. ಬೇರೆ ಊರಿನ ಗೋಪುರದ ಗಡಿಯಾರ ದುರಸ್ತಿಗೆಂದು ಸೋಮವಾರ ಹೋದವನು. ಅವನ ಹತ್ತಿರವೂ ಅಂಗಡಿಯ ಕೀಲಿ ಇತ್ತು. ಊರಲ್ಲೇ ಇಲ್ಲದವನ ಕೀಲಿಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

"ಊರಿಗೆ ಬಂದು ಮನೆಗೆ ಬರಲಿಲ್ವಾ?" ಸೊಸೆ ಯಾರನ್ನೂ ನೋಡದೆ ಕೇಳಿದಳು. "ನಿನ್ನೆಯಿಂದ ಹನ್ನೊಂದು ಸಲ ಫೋನು ಮಾಡಿದೀನಿ. ಸ್ವಿಚ್ ಆಫ್. ಗೋಪುರದ ಮೇಲಿದಾರೆ, ಕೆಲಸದಲ್ಲಿದಾರೆ ಅಂದ್ಕೊಂಡೆ."

"ನಾನೇ ಕಾರಣ." ಯಜಮಾನರು ಗೋಡೆಗೆ ಒರಗಿದರು. "ಆ ಜೇಬು ಗಡಿಯಾರ ಇನ್ನು ನಡೆಯಲ್ಲ, ಒರೆಸಿ ಕೊಟ್ರೆ ಸಾಕು ಅಂದಿದ್ದೆ. ನಾನು ನಡೆಸ್ತೀನಿ ಅಪ್ಪಾ ಅಂದ. ನನ್ನ ಕೈಲಾಗದ್ದು ನಿನ್ನ ಕೈಲಾಗುತ್ತೇನೋ ಅಂತ ಎಲ್ಲರ ಮುಂದೆ ನಕ್ಕುಬಿಟ್ಟೆ."

ಅಷ್ಟರಲ್ಲಿ ಅರಸ ಹತ್ತು ಹೊಡೆದ. ಮೊಂಡನನ್ನು ಬಿಟ್ಟು ನಡೆಯುವ ಗಡಿಯಾರಗಳೆಲ್ಲ ಅವನ ಹಿಂದೆಯೇ ದನಿಗೂಡಿಸಿದವು. ಆ ಸದ್ದಿನ ನಡುವೆಯೇ ಸಂಗ್ರಹಾಲಯದ ಅಧಿಕಾರಿ ಒಳಗೆ ಬಂದ. ಕೈಯಲ್ಲಿ ಕಾಗದ.

"ಗಡಿಯಾರ ಸಿಕ್ತಾ? ಇಲ್ಲ ತಾನೇ? ನಾನು ಇದನ್ನ ಕೊಡಲೇಬೇಕು. ನಿಮ್ಮ ಸೊಸೆ ಹೆಸರು ಬರೆದಿದೀನಿ. ಬೇಜಾರು ಮಾಡ್ಕೋಬೇಡಿ."

"ಆ ಹೆಸರು ಹೊಡೆದುಹಾಕಿ," ಎಂದರು ಯಜಮಾನರು.

"ಅಂದ್ರೆ?"

"ಈ ಅಂಗಡೀಲಿ ಗಡಿಯಾರ ಎಷ್ಟು ತಪ್ಪಿದ್ರೂ ಚೀಟಿಯಲ್ಲಿ ನಿಜಾನೇ ಬರೆಯೋದು. ಅದು ನನ್ನ ಮಗನ ಕೆಲಸ ಆಗಿದ್ರೆ ನನ್ನ ಮಗನ ಹೆಸರು ಬರೀರಿ. ಇವಳದ್ದು ತೆಗೀರಿ. ಇವಳು ಕಟ್ಟಿದ ಸೈಟು ಇಲ್ಲದಿದ್ರೆ ಈ ನಿಜ ಹೊರಗೆ ಬರ್ತಾನೇ ಇರಲಿಲ್ಲ." ಅವರು ತಲೆ ಬಗ್ಗಿಸಲಿಲ್ಲ.

ಸೊಸೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಗಂಡನ ಹೆಸರು ಹೋಗುತ್ತಿರುವುದಕ್ಕೆ ಅಳಬೇಕೋ, ಮಾವನ ಬಾಯಲ್ಲಿ ಈ ಮಾತು ಬಂದುದಕ್ಕೆ ಬೀಗಬೇಕೋ ಅವಳಿಗೇ ತಿಳಿಯಲಿಲ್ಲ. ಎರಡೂ ಒಟ್ಟಿಗೇ ಆದವು.

ಆಗ ಕಂಪ್ಯೂಟರು ಟಿಣ್ ಎಂದಿತು.

ಒಂಬತ್ತೂವರೆಗೆ ಖಾಲಿಯಾಗಿದ್ದ ಸಾಲಿನಲ್ಲಿ ಹೊಸ ಬಳೆ ಹೊಳೆಯುತ್ತಿತ್ತು. ಗಂಡನ ಖಾತೆಯಿಂದ, ಇದೀಗ ಹಾಕಿದ್ದು.

ಸೊಸೆ ಒತ್ತಿದಳು. ಪರದೆ ತುಂಬ ಒಂದು ಅಂಗೈ. ಅಂಗೈಯಲ್ಲಿ ತೆರೆದ ಜೇಬು ಗಡಿಯಾರ, ಪಕ್ಕಕ್ಕೆ ವಾಲಿದ ಮುಚ್ಚಳದಲ್ಲಿ ದೀಪಸ್ತಂಭ. ಸೆಕೆಂಡಿನ ಮುಳ್ಳು ಓಡುತ್ತಿತ್ತು. ಟಿಕ್ ಟಿಕ್ ಸದ್ದು ಅಂಗಡಿಗೆಲ್ಲ ಕೇಳಿಸಿತು. ಕೆಳಗೆ ಒಂದೇ ಪದ: 'ನಡೆಯಿತು'.

"ನೋಡಿದ್ರಾ! ಕದ್ದದ್ದೂ ಅಲ್ಲದೆ ಡಂಗುರ ಬೇರೆ!" ಅಧಿಕಾರಿ ಕೂಗಿದ.

ಯಜಮಾನರಿಗೆ ಅದು ಕೇಳಿಸಲಿಲ್ಲ. "ನಡೀತಿದೆ," ಎಂದರು. "ಅರವತ್ತು ವರ್ಷ ನಿಂತಿದ್ದು ನಡೀತಿದೆ ಕಣೋ ಚಿಮಟ! ನನ್ನ ಮಗ ನಡೆಸಿಬಿಟ್ಟ!" ಕಣ್ಣೀರು ಧಾರಾಕಾರವಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ. ಚಿಮಟನೂ ಅಳುತ್ತ ನಕ್ಕ.

ಸೊಸೆ ಮಾತ್ರ ನಗಲಿಲ್ಲ. ಇನ್ನೊಮ್ಮೆ ಒತ್ತಿದಳು. ಮತ್ತೊಮ್ಮೆ. ಪರದೆಯ ಹತ್ತಿರಕ್ಕೆ ಮುಖ ತಂದಳು.

"ಮಾವಾ, ಹೆಬ್ಬೆರಳು ನೋಡಿ."

ಹೆಬ್ಬೆರಳು ಗಾಜಿನ ಮೇಲಿತ್ತು. ಬಲವಾಗಿ ಒತ್ತಿ ಹಿಡಿದಿತ್ತು, ಗಾಜಿನ ಮೇಲೆ ಬೆವರಿನ ಗುರುತು ಮೂಡುವಷ್ಟು.

ಯಜಮಾನರು ಕಣ್ಣೀರು ಒರೆಸಿಕೊಂಡು ಬಗ್ಗಿದರು. ತುಂಬ ಹೊತ್ತು ನೋಡಿದರು. ಅವರು ನೆಟ್ಟಗಾದಾಗ ಆ ಮುಖದಲ್ಲಿ ಹಿಗ್ಗು ಉಳಿದಿರಲಿಲ್ಲ.

"ಇದು ಈ ಮನೆಯ ಕೈ ಅಲ್ಲ."

"ಅವರ ಫೋನು, ಅವರ ಖಾತೆ," ಎಂದಳು ಸೊಸೆ. ತನ್ನ ಫೋನು ತೆರೆದಳು. "ಅಲ್ಲಿ ಅಳಿಸಿದಾರೆ ಅಮ್ಮಾ! ಈಗ ತಾನೇ ಇತ್ತು, ಈಗ ಇಲ್ಲ. ನಮ್ಮ ಸೈಟಲ್ಲಿ ಮಾತ್ರ ಉಳಿದಿದೆ."

"ಅಧಿಕಾರಿಗಳೇ, ಆ ಕಾಗದ ಸದ್ಯಕ್ಕೆ ಜೇಬಲ್ಲಿ ಇಟ್ಕೊಳ್ಳಿ," ಎಂದಳು ಸೂಜಿಯಮ್ಮ. "ಇವರ ಮಗನ ಫೋನೂ ಗಡಿಯಾರವೂ ಯಾರದೋ ಕೈಲಿದೆ. ಇದು ಬರೀ ಗಡಿಯಾರದ ವಿಷಯ ಅಲ್ಲ ಈಗ. ನೀನು ಮೊದಲು ರೆಕಾರ್ಡು ಮಾಡ್ಕೋ."

ಸೊಸೆ ಆಗಲೇ ಮಾಡಿಕೊಳ್ಳುತ್ತಿದ್ದಳು.

"ಅದು ಅಲ್ಲಿ ಎಷ್ಟು ಹೊತ್ತು ಇರುತ್ತಮ್ಮಾ?" ಯಜಮಾನರು ಕೇಳಿದರು. ಅವಳು ಸ್ಟೋರಿ ಹಾಕತೊಡಗಿದ ಈ ಒಂದು ವರ್ಷದಲ್ಲಿ ಅವರು ಅದರ ಬಗ್ಗೆ ತಿಳಿಯಬೇಕೆಂದೇ ಅವಳನ್ನು ಕೇಳಿದ ಮೊದಲ ಪ್ರಶ್ನೆ ಅದು.

"ನಾಳೆ ಇದೇ ಹೊತ್ತಿನವರೆಗೆ, ಮಾವ."

ಯಜಮಾನರು ಮೇಜಿನ ಖಾನೆ ಎಳೆದು ಕೆಂಪು ದಾರದ ಉಂಡೆ ತೆಗೆದರು. ಒಂದು ಮೊಳ ಕತ್ತರಿಸಿ, ಕಂಪ್ಯೂಟರಿನ ಪರದೆಯ ಕೊರಳಿಗೆ ಸುತ್ತಿ ಗಂಟು ಹಾಕಿದರು. "ಇವಳನ್ನ ಬಿಟ್ಟು ಯಾರೂ ಇದನ್ನ ಮುಟ್ಟಕೂಡದು," ಎಂದರು.

ಸೊಸೆ ಆ ಗಂಟನ್ನು ನೋಡಿದಳು. ಆಮೇಲೆ ಆ ಅಪರಿಚಿತ ಹೆಬ್ಬೆರಳನ್ನು ನೋಡಿದಳು.

"ಹಾಗಾದ್ರೆ ಅವರೆಲ್ಲಿ, ಮಾವ?"

ಯಜಮಾನರು ಉತ್ತರಿಸುವ ಮೊದಲೇ, ಹದಿಮೂರು ನಿಮಿಷ ತಡವಾಗಿ, ಮೊಂಡ ಹತ್ತು ಹೊಡೆಯತೊಡಗಿದ.